ಗೆಳೆಯನಿಗೊಂದು ಪತ್ರ: ಎರಡು ಅಂಗೈಗಳ ಮೇಲೆ

ಮಂಗಳೂರು
ಜೂನ್ ಮೊದಲ ವಾರ

ಪ್ರಿಯ ಗೆಳೆಯನೆ,

ಕ್ರಿಸ್ತನಲ್ಲಿ ವಂದನೆಗಳು.

ನೀನು ಬೆಂಗಳೂರಿಗೆ ಹೋದ ಮೇಲೆ ಬಂದ ಮೊದಲ ಬೇಸಿಗೆ ಇದು. ನಾವಿಬ್ಬರೂ ಸೇರಿ ಚಿಕ್ಕ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ರಜಾ ಬೈಬಲ್ ಶಾಲೆ ಈ ಸಲವೂ ಎಂದಿನಂತೆ ನಡೆಯಿತು. ಅದು ಮುಗಿದ ಮೇಲೆ ಸಭಾಪಾಲಕರು ನಮ್ಮ ಯುವಜನ ಸಂಘದ ನಾಲ್ವರನ್ನು ಕರೆದು, ಊರಿನ ಒಂದು ವೃದ್ಧಾಶ್ರಮದಲ್ಲಿ ಕೈಯಾಳುಗಳ ಕೊರತೆಯಿದೆ, ಮೇ ತಿಂಗಳ ಮಟ್ಟಿಗೆ ಬೆಳಗಿನ ಹೊತ್ತು ಹೋಗುವಿರಾ ಎಂದು ಕೇಳಿದರು. ವೃದ್ಧರಿಗೆ ಕೀರ್ತನೆ ಓದಿ ಹೇಳುವುದು, ಹಾಡುವುದು, ಒಂದಿಷ್ಟು ಮಾತನಾಡುವುದು ನಮ್ಮ ಕೆಲಸವೆಂದು ಭಾವಿಸಿ ನಾನು ಕೂಡಲೇ ಒಪ್ಪಿಕೊಂಡೆ.

ಆದರೆ ಮೊದಲ ದಿನವೇ ಅಲ್ಲಿನ ನರ್ಸಮ್ಮ ನನ್ನ ಕೈಯಲ್ಲಿದ್ದ ಬೈಬಲನ್ನು ಕಪಾಟಿನ ಮೇಲೆ ಇಡಿಸಿ, ಕೈ ತೊಳೆದು ಬರಲು ಹೇಳಿದರು. ಪಾರ್ಶ್ವವಾಯುವಿನಿಂದ ಎಡಭಾಗದ ಬಲವನ್ನೂ, ಮುಪ್ಪಿನಿಂದ ಕಣ್ಣಿನ ಬೆಳಕನ್ನೂ ಕಳೆದುಕೊಂಡು ಮಲಗಿದ್ದ ಒಬ್ಬ ಅಜ್ಜೆರನ್ನು (ತುಳುವಿನಲ್ಲಿ ಅಜ್ಜನವರು) ನನಗೆ ಒಪ್ಪಿಸಿದರು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಟೊಂಕ, ಸೊಂಟದ ಪಕ್ಕ, ಹಿಮ್ಮಡಿ ಹೀಗೆ ಎಲುಬು ಚರ್ಮಕ್ಕೆ ಹತ್ತಿರವಿರುವಲ್ಲಿ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ನಮ್ಮೂರಿನ ಮೇ ತಿಂಗಳ ಬೆವರಿಗೆ ಚರ್ಮ ಸದಾ ಒದ್ದೆಯಾಗಿರುವುದರಿಂದ ಆ ಅಪಾಯ ಇನ್ನೂ ಹೆಚ್ಚು. ಇದೊಂದೂ ಗೊತ್ತಿಲ್ಲದ ನಾನು ಅವರನ್ನು ಹೆಗಲು ಹಿಡಿದು ಎಳೆದುಬಿಟ್ಟೆ. ನರ್ಸಮ್ಮ ಗದರಲಿಲ್ಲ. ಅಜ್ಜೆರ ಟೊಂಕದ ಮೇಲೆ ಕೆಂಪಾಗಿದ್ದ ಜಾಗವನ್ನು ಬೆರಳಿನಿಂದ ಮೆಲ್ಲನೆ ಒತ್ತಿ, ಬೆರಳು ತೆಗೆದಾಗ ಅದು ಬಿಳುಪಾಗಿದ್ದುದನ್ನು ತೋರಿಸಿ, ಒತ್ತಿದರೂ ಕೆಂಪು ಹೋಗದಿದ್ದರೆ ಅದೇ ಹುಣ್ಣಿನ ಆರಂಭವೆಂದೂ, ಅಂಥ ಜಾಗವನ್ನು ಎಂದಿಗೂ ತಿಕ್ಕಬಾರದೆಂದೂ ಹೇಳಿದರು. ಮೈಯಡಿಗೆ ಮಡಿಸಿದ ಬಟ್ಟೆ ಹಾಸಿ ಇಬ್ಬರು ಸೇರಿ ಎತ್ತಿ ಸರಿಸುವುದನ್ನು, ಮೊಣಕಾಲುಗಳ ನಡುವೆ ದಿಂಬು ಇಡುವುದನ್ನು, ನೆಟ್ಟಗೆ ಕೂರಿಸಿಯೇ ಗಂಜಿ ಕುಡಿಸಿ ಅರ್ಧ ಗಂಟೆಯವರೆಗೆ ಮಲಗಿಸದಿರುವುದನ್ನು ನಾನು ಒಂದೊಂದಾಗಿ ಕಲಿತೆ.

ಕಲಿಯಲು ಕಷ್ಟವಾದದ್ದು ಇವು ಯಾವುವೂ ಅಲ್ಲ. ಮೈ ಒರೆಸಲು ಹೋದಾಗಲೆಲ್ಲ ಅಜ್ಜೆರ್ ಮೂರು ದಿನ ನನ್ನನ್ನು ತಡೆದರು. ಮೊಮ್ಮಗನ ಪ್ರಾಯದ ಹುಡುಗನೊಬ್ಬ ತಮ್ಮ ಹೊಲಸನ್ನು ತೊಳೆಯುವುದು ಅವರಿಗೆ ಸಹಿಸಲಾಗದ ನಾಚಿಕೆಯಾಗಿತ್ತು. ಮೂರನೆಯ ರಾತ್ರಿ ನಾನು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆದೆ. ಕರ್ತನಾದ ಯೇಸು ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಆ ಕಥೆಯನ್ನು ಪ್ರತಿ ವರ್ಷ ಪವಿತ್ರ ಗುರುವಾರ ಕೇಳುತ್ತಲೇ ಬೆಳೆದವರು ನಾವು. ಆದರೂ ತನ್ನ ಕಾಲನ್ನು ಎಂದಿಗೂ ತೊಳೆಯಬಾರದು ಎಂದ ಶಿಷ್ಯ ಪೇತ್ರನ ಸಂಕಟ ನನಗೆ ಅರ್ಥವಾದದ್ದು ಆ ರಾತ್ರಿಯೇ. ತೊಳೆಯುವವನ ತಗ್ಗುವಿಕೆಯನ್ನಷ್ಟೇ ನಾನು ಅಲ್ಲಿಯವರೆಗೆ ನೋಡಿದ್ದೆ. ಕಾಲು ಒಡ್ಡಿ ಕುಳಿತವನು ಎಷ್ಟು ತಗ್ಗಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ. ಮರುದಿನ ನಾನು ಪರದೆ ಎಳೆದು, ಏನು ಮಾಡುವ ಮೊದಲೂ ಅವರನ್ನು ಕೇಳಿ, ಒರೆಸುತ್ತಿರುವ ಭಾಗವೊಂದನ್ನು ಬಿಟ್ಟು ಉಳಿದ ಮೈಯನ್ನೆಲ್ಲ ಹೊದಿಕೆಯಿಂದ ಮುಚ್ಚಿಯೇ ಕೆಲಸ ಮಾಡಿದೆ. ಅವರು ತಡೆಯಲಿಲ್ಲ.

ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಹೀಗಾಗಿ ನಾನಾಗಿಯೇ ಏನನ್ನೂ ಓದಲಿಲ್ಲ. ಮಗ್ಗುಲು ಬದಲಿಸುವಾಗ ಬಾಯೊಳಗೇ ಏನು ಗುನುಗುತ್ತೀಯ ಎಂದು ಒಂದು ದಿನ ಅವರೇ ಕೇಳಿದಾಗ, ಮುಪ್ಪಿನಲ್ಲಿ ಕೈಬಿಡಬೇಡವೆಂದು ದೇವರನ್ನು ಬೇಡುವ 71ನೆಯ ಕೀರ್ತನೆಯನ್ನು ಗಟ್ಟಿಯಾಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ತಾವು ಹಂಚಿನ ಕಾರ್ಖಾನೆಯಲ್ಲಿ ದುಡಿದ ದಿನಗಳ ಕುರಿತು ಮಾತು ತೆಗೆದರು. ಅಚ್ಚಿನಿಂದ ಆಗ ತಾನೇ ಬಂದ ಹಸಿ ಹಂಚನ್ನು ಅಂಚು ಹಿಡಿದು ಎತ್ತಿದರೆ ಸೊಟ್ಟಗಾಗುತ್ತದೆ, ಅಡಿಗೆ ಎರಡೂ ಅಂಗೈ ಕೊಟ್ಟೇ ಎತ್ತಬೇಕು, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ ಎಂದರು. "ನೀನು ಈಗ ನನ್ನನ್ನು ಹಾಗೆಯೇ ಎತ್ತುತ್ತಿ," ಎಂದರು. ಗೆಳೆಯನೆ, ಪರೀಕ್ಷೆಯ ಯಾವ ಅಂಕವೂ ನನಗೆ ಅಷ್ಟು ಸಂತೋಷ ಕೊಟ್ಟದ್ದಿಲ್ಲ.

ಈಗ ಕಾಲೇಜು ತೆರೆದಿದೆ, ಮಳೆಯೂ ಹಿಡಿದಿದೆ. ಶನಿವಾರ ಮಧ್ಯಾಹ್ನ ಮಾತ್ರ ಹೋಗುತ್ತಿದ್ದೇನೆ.

ನಿನ್ನಿಂದ ಒಂದು ಸಹಾಯವಾಗಬೇಕು. ನಿನ್ನ ಅಜ್ಜಿಯ ಹಳೆಯ ಮನೆಯ ಮಾಡನ್ನು (ಛಾವಣಿಯನ್ನು) ಇಳಿಸುತ್ತಾರೆಂದು ಕೇಳಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಇಲ್ಲಿ 1865ರಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚುಗಳು ಆ ಮಾಡಿನಲ್ಲಿರುವುದನ್ನು ನಾವು ಚಿಕ್ಕವರಾಗಿದ್ದಾಗ ನೋಡಿದ್ದೇವೆ. ಅವುಗಳ ಮೇಲೆ ಕಾರ್ಖಾನೆಯ ಹೆಸರು ಉಬ್ಬು ಅಕ್ಷರಗಳಲ್ಲಿದೆ. ಅಜ್ಜೆರ್ ದುಡಿದದ್ದು ಬೇರೆ ಕಾರ್ಖಾನೆಯಲ್ಲಿ, ಆದರೆ ಹಳೆಯ ಮಿಶನ್ ಹಂಚಿನ ವಿಷಯ ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಣ್ಣು ಕಾಣದಿದ್ದರೂ ಅವರ ಬಲಗೈಯ ಬೆರಳುಗಳು ಇನ್ನೂ ಚುರುಕಾಗಿವೆ. ಒಡೆಯದ ಒಂದು ಹಂಚನ್ನು ಎತ್ತಿಡಲು ನಿನ್ನ ಮಾವನವರಿಗೆ ಹೇಳು. ದಸರಾ ರಜೆಗೆ ಬಂದಾಗ ನೀನೇ ಅದನ್ನು ಅವರ ಕೈಗೆ ಕೊಡಬಹುದು.

ಮನೆಯವರೆಲ್ಲರಿಗೂ ನನ್ನ ವಂದನೆಗಳನ್ನು ತಿಳಿಸು.

ನಿನ್ನ ಗೆಳೆಯ