ನಾಲ್ಕು ಗೆರೆಗಳ ಲೆಕ್ಕ ಮುಗಿಸಿಕೊಟ್ಟವರಿಗೆ

ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್ ಒಪ್ಪಿಗೆಯೂ ಆಯಿತು. ಅವತ್ತು ಫೋನ್ ಮಾಡಿದವರಿಗೆಲ್ಲ ಗಡಿಬಿಡಿಯಲ್ಲಿ ಥ್ಯಾಂಕ್ಸ್ ಅಂದು ಇಟ್ಟುಬಿಟ್ಟೆ. ಅಷ್ಟು ಸಾಲದು. ಯಾರ ಋಣ ಎಂಥದ್ದು ಅಂತ ಬಿಡಿಸಿ ಹೇಳಬೇಕು ಅನ್ನಿಸುತ್ತಿದೆ.

ಅದಕ್ಕೆ ಮೊದಲು ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್‌ಗಳಿವೆ. ಸೂರ್ಯನ ದೊಡ್ಡ ಜ್ವಾಲೆಗಳಲ್ಲಿ, ಗೆಲಾಕ್ಸಿಗಳ ಗುಂಪಿನ ನಡುವಿನ ಅನಿಲದಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿ ಇರುತ್ತದೆ. ಅಲ್ಲಿ 24 ಕಳಚಿ ಹೋಗಿ ಎರಡೇ ಉಳಿಯುತ್ತವೆ, ಹೀಲಿಯಂನಲ್ಲಿ ಇರುವ ಹಾಗೆ. ಅದಕ್ಕೇ ಇವನ್ನು ಹೀಲಿಯಂ ತರಹದ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಅನ್ನುತ್ತೇವೆ. ಇಂಥ ಅಯಾನಿನ ಎಲೆಕ್ಟ್ರಾನ್ ಎರಡನೇ ಮಟ್ಟದಿಂದ ಕೆಳಗೆ ಇಳಿಯುವಾಗ ಎಕ್ಸ್-ಕಿರಣ ಬರುತ್ತದೆ. ಅದನ್ನು ಶಕ್ತಿಗೆ ತಕ್ಕಂತೆ ಬಿಡಿಸಿ ನೋಡಿದರೆ ನಿರ್ದಿಷ್ಟ ಶಕ್ತಿಗಳಲ್ಲಿ ಹೊಳೆಯುವ ಗೆರೆಗಳು ಕಾಣುತ್ತವೆ. ಮುಖ್ಯವಾದವು ನಾಲ್ಕು: ಡಬ್ಲ್ಯೂ, ಎಕ್ಸ್, ವೈ, ಝಡ್. ಕಬ್ಬಿಣದಲ್ಲಿ ಈ ನಾಲ್ಕೂ 6.64ರಿಂದ 6.70 ಕಿಲೋ ಎಲೆಕ್ಟ್ರಾನ್ ವೋಲ್ಟ್ ಒಳಗೇ ಬರುತ್ತವೆ. ಒಂದೊಂದೂ ಎಷ್ಟು ಬೇಗ ಹೊಮ್ಮುತ್ತದೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು.

ಝಡ್ ಗೆರೆ ನನಗೆ ತುಂಬ ಇಷ್ಟ. ಐನ್‌ಸ್ಟೈನರ ಸಾಪೇಕ್ಷತೆ ಬಿಟ್ಟು ಲೆಕ್ಕ ಮಾಡಿದರೆ ಆ ಗೆರೆ ಸೊನ್ನೆ, ಇರಲೇ ಬಾರದು! ಸಾಪೇಕ್ಷತೆ ಸೇರಿಸಿದ ಮೇಲೆ ಬರುತ್ತದೆ. ಸಾದಾ ಹೀಲಿಯಂನಲ್ಲಿ ಆ ಗೆರೆ ಹುಟ್ಟುವ ಮಟ್ಟದ ಸರಾಸರಿ ಆಯಸ್ಸು ಸುಮಾರು 7,870 ಸೆಕೆಂಡು, ಅಂದರೆ ಎರಡು ಗಂಟೆಗೂ ಜಾಸ್ತಿ. ಅದೇ ಕಬ್ಬಿಣದಲ್ಲಿ ಐದು ನ್ಯಾನೊಸೆಕೆಂಡೂ ಇಲ್ಲ. ಪರಮಾಣು ಸಂಖ್ಯೆಯ ಹೆಚ್ಚುಕಡಿಮೆ ಹತ್ತನೇ ಘಾತದಂತೆ ಹೊಮ್ಮುವ ವೇಗ ಏರುವುದರಿಂದ ಹೀಗಾಗುತ್ತದೆ. ಈ ಗೆರೆಯನ್ನು ಸೂರ್ಯನ ಎಕ್ಸ್-ಕಿರಣಗಳಲ್ಲಿ 1969ರಲ್ಲಿ ಗುರುತಿಸಿದವರು ಅಲನ್ ಗೇಬ್ರಿಯಲ್ ಮತ್ತು ಕ್ಯಾರೊಲ್ ಜೋರ್ಡನ್. ಅನಿಲ ದಟ್ಟವಾಗಿದ್ದರೆ ಝಡ್ ಹೊಮ್ಮುವ ಮೊದಲೇ ಡಿಕ್ಕಿಗಳು ಎಲೆಕ್ಟ್ರಾನನ್ನು ಪಕ್ಕದ ಮಟ್ಟಕ್ಕೆ ಏರಿಸಿಬಿಡುತ್ತವೆ. ಝಡ್ ಮಂಕಾಗುತ್ತದೆ, ಎಕ್ಸ್ ಮತ್ತು ವೈ ಬಲವಾಗುತ್ತವೆ. ಆ ಅನುಪಾತ ನೋಡಿ ಅನಿಲ ಎಷ್ಟು ದಟ್ಟ ಅಂತ ಹೇಳಬಹುದು. ನಮ್ಮ ಲೆಕ್ಕ ಸರಿ ಇದ್ದರೆ ಮಾತ್ರ.

ಈ ‘ಸರಿ ಇದ್ದರೆ’ ಅನ್ನುವುದನ್ನು ಕಲಿಸಿದವರು ನಮ್ಮ ಗೈಡ್ ಮೇಡಂ. ಒಂದೇ ಸಂಖ್ಯೆಯನ್ನು ಎರಡು ದಾರಿಯಲ್ಲಿ ತೆಗೆಯಬಹುದು: ಎಲೆಕ್ಟ್ರಾನ್ ಇರುವ ಜಾಗದಿಂದ ಹೊರಡುವ ಉದ್ದದ ರೂಪ, ಅದರ ಚಲನೆಯ ವೇಗದಿಂದ ಹೊರಡುವ ವೇಗದ ರೂಪ. ಎರಡೂ ಒಂದೇ ಉತ್ತರ ಕೊಡಬೇಕು. ಹಗುರ ಅಯಾನುಗಳ ವೈ ಗೆರೆಗೆ ನನ್ನ ಎರಡು ಉತ್ತರಗಳು ಕೂಡಿಬರಲಿಲ್ಲ. ಉದ್ದದ ರೂಪದ್ದೇ ಸಾಮಾನ್ಯವಾಗಿ ನಂಬಿಕೆಗೆ ಅರ್ಹ, ಅದನ್ನಷ್ಟೇ ಪ್ರಕಟಿಸಿ ಮುಂದೆ ಹೋಗು ಅಂದವರಿದ್ದರು. ಮೇಡಂ ಒಪ್ಪಲಿಲ್ಲ. ‘ವ್ಯತ್ಯಾಸ ಎಲ್ಲಿಂದ ಬಂತು ಅಂತ ಗೊತ್ತಾಗೋ ತನಕ ಟೇಬಲ್ ಬರೀಬೇಡ’ ಅಂದರು. ಉತ್ತರ ಡಿರಾಕ್ ಸಮೀಕರಣದ (ಸಾಪೇಕ್ಷತೆ ಸೇರಿಸಿ ಎಲೆಕ್ಟ್ರಾನನ್ನು ವಿವರಿಸುವ ಸಮೀಕರಣ) ಋಣ, ಅಂದರೆ ಸೊನ್ನೆಗಿಂತ ಕಡಿಮೆ, ಶಕ್ತಿಯ ಸ್ಥಿತಿಗಳಲ್ಲಿತ್ತು. ಸಾಮಾನ್ಯವಾಗಿ ಅವನ್ನು ಬೇಕೆಂದೇ ಲೆಕ್ಕದಿಂದ ಹೊರಗಿಡುತ್ತಾರೆ. ವೇಗದ ರೂಪದಲ್ಲಿ ಅವುಗಳ ಪಾಲು ದೊಡ್ಡದು. ಅದನ್ನು ಸೇರಿಸಿದ ಮೇಲೆ ಎರಡು ಸಂಖ್ಯೆಗಳೂ ಹತ್ತಿರ ಬಂದವು. ಮೇಡಂ, ಆ ಹಟಕ್ಕೆ ನಾನು ಜೀವನಪೂರ್ತಿ ಋಣಿ.

ಈ ದಾರಿಯನ್ನು ನಮಗಿಂತ ಮೊದಲೇ ಸವೆಸಿದವರಿದ್ದಾರೆ. ಝಡ್ ಗೆರೆ ಹೊಮ್ಮುವ ವೇಗವನ್ನು 1971ರಲ್ಲಿ ಲೆಕ್ಕ ಹಾಕಿದ ಗಾರ್ಡನ್ ಡ್ರೇಕ್. ಹೀಲಿಯಂ ತರಹದ ಅಯಾನುಗಳ ಇಡೀ ಸಾಲಿನ ಸಾಪೇಕ್ಷ ಲೆಕ್ಕಗಳನ್ನು 1990ರ ದಶಕದಲ್ಲಿ ಮಾಡಿಟ್ಟ ವಾಲ್ಟರ್ ಜಾನ್ಸನ್, ಪ್ಲಾಂಟೆ, ಸಪಿರ್‌ಸ್ಟೈನ್. ಇವರಲ್ಲಿ ಯಾರನ್ನೂ ನಾನು ಕಂಡಿಲ್ಲ. ಆದರೆ ಅವರ ಕೋಷ್ಟಕಗಳನ್ನು ಪಕ್ಕದಲ್ಲಿಟ್ಟುಕೊಂಡೇ ನನ್ನ ಪ್ರತಿ ಸಾಲನ್ನೂ ನೋಡಿದ್ದೇನೆ. ಅವರು ಬರೀ ಉತ್ತರ ಕೊಟ್ಟು ಸುಮ್ಮನಾಗಲಿಲ್ಲ, ಹೇಗೆ ಬಂತು ಅಂತ ಬಿಡಿಸಿ ಬರೆದರು. ಅದು ದೊಡ್ಡ ಮನಸ್ಸು.

ಪ್ರಕಟಣೆಗೆ ಮುನ್ನ ಪರಿಶೀಲಿಸಿ ನಮ್ಮ ಪೇಪರನ್ನು ವಾಪಸ್ ಕಳಿಸಿದ ರೆಫರಿಗೂ ನಮಸ್ಕಾರ. ಹೆಸರು ತಿಳಿಯದು. ಪ್ರತಿ ಸಂಖ್ಯೆಗೂ ಎಷ್ಟು ಅನಿಶ್ಚಿತತೆ ಅಂತ ಬರೆಯಿರಿ ಎಂದು ಕೇಳಿದರು. ಆಗ ಅಳು ಬಂದಿತ್ತು. ಈಗ ಆ ಅನಿಶ್ಚಿತತೆಯ ಕಾಲಂ ಇಲ್ಲದೆ ಆ ಕೋಷ್ಟಕವನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ. ಯಾಕೆಂದರೆ ಇದನ್ನು ಬಳಸುವವರು ಆಕಾಶ ನೋಡುವವರು. 2016ರಲ್ಲಿ ಜಪಾನಿನ ಹಿಟೋಮಿ ಉಪಗ್ರಹ ಪರ್ಸಿಯಸ್ ಗೆಲಾಕ್ಸಿ ಗುಂಪಿನಲ್ಲಿ ಕಬ್ಬಿಣದ ಈ ಗೆರೆಗಳನ್ನು ಬಿಡಿಸಿ ತೋರಿಸಿತು. ಗೆರೆಗಳ ಅಗಲದಿಂದ ಅಲ್ಲಿನ ಅನಿಲದ ಕದಡಾಟ ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಅಂತ ತಿಳಿಯಿತು. ಸ್ವಲ್ಪ ದಿನಕ್ಕೇ ಉಪಗ್ರಹ ಹಾಳಾಯಿತು, ಆದರೆ 2023ರಲ್ಲಿ ಹಾರಿದ ಕ್ರಿಸಮ್ ಉಪಗ್ರಹ ಆ ಕೆಲಸ ಮುಂದುವರಿಸಿದೆ. ನಮ್ಮ ಆದಿತ್ಯ-ಎಲ್1ರಲ್ಲಿ ಬೆಂಗಳೂರಿನಲ್ಲೇ ತಯಾರಾದ ಸೋಲೆಕ್ಸ್ ಎಂಬ ಎಕ್ಸ್-ಕಿರಣ ಉಪಕರಣ ಇದೆ. ಅದು ನಾಲ್ಕು ಗೆರೆಗಳನ್ನು ಬೇರೆ ಮಾಡಲಾರದು, ಆದರೆ ಜ್ವಾಲೆಗಳಲ್ಲಿ ಕಬ್ಬಿಣದ ಇದೇ ಗುಂಪನ್ನು ನೋಡಬಲ್ಲದು. ನನಗೆ ಅದು ಬಹಳ ಹೆಮ್ಮೆ.

ಕಂಪ್ಯೂಟರ್ ರೂಮಿನ ಅಣ್ಣ, ಎಸಿ ಕೆಟ್ಟಾಗಲೆಲ್ಲ ರಾತ್ರಿ ಬಂದು ನನ್ನ ಜಾಬ್‌ಗಳನ್ನು ಉಳಿಸಿದಿರಿ. ಸಿರಸಿಯ ಕಾಲೇಜಿನ ನಮ್ಮ ಮೇಷ್ಟ್ರೇ, ಹೈಡ್ರೋಜನ್ ಪರಮಾಣುವನ್ನು ಬೋರ್ಡ್ ಮೇಲೆ ಒಂದು ಹೆಜ್ಜೆಯೂ ಬಿಡದೆ ಬಿಡಿಸಿದಿರಿ, ಎರಡನೇ ಎಲೆಕ್ಟ್ರಾನಿನ ಕಡೆ ನೋಡುವ ಧೈರ್ಯ ಅಲ್ಲಿಂದಲೇ ಬಂದದ್ದು. ಅಮ್ಮ, ಅಪ್ಪನ ಆಸ್ಪತ್ರೆ ಓಡಾಟ ಪೂರ್ತಿ ನೀನೇ ಹೊತ್ತುಕೊಂಡು ‘ನೀನು ಬರೆದು ಮುಗಿಸು’ ಅಂದೆ. ಆ ಮಾತಿಲ್ಲದಿದ್ದರೆ ಕೊನೆಯ ಅಧ್ಯಾಯ ಇರುತ್ತಿರಲಿಲ್ಲ.

ಲ್ಯಾಬಿನ ತಮ್ಮ-ತಂಗಿಯರೇ, ಪ್ರೋಗ್ರಾಂ ಮತ್ತು ನನ್ನ ನೋಟ್ಸ್ ಎರಡೂ ಗುಂಪಿನ ಫೋಲ್ಡರ್‌ನಲ್ಲಿವೆ. ಸುಮ್ನೆ ರನ್ ಮಾಡಬೇಡಿ, ಮೊದಲು ಎರಡೂ ರೂಪ ಹೋಲಿಸಿ. ಹೊಂದದಿದ್ದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ.