ಅಳಿಸಲಾಗದ ಪೆನ್ ಡ್ರೈವ್, ಕಳಿಸಲಾಗದ ವಾರಂಟಿ

ಮಾನ್ಯ ಸಂಪಾದಕರೇ,

ಪೆನ್ ಡ್ರೈವ್ ಕೈಕೊಟ್ಟರೆ ಫಾರ್ಮ್ಯಾಟ್ ಮಾಡಿ ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದಿದೆ. ಫಾರ್ಮ್ಯಾಟೇ ಆಗದಿದ್ದರೆ ಏನು ಮಾಡೋದು?

ನಾನು ನಿವೃತ್ತ ಗಣಿತ ಮೇಷ್ಟ್ರು. ನನ್ನ 16 ಜಿಬಿ ಡ್ರೈವ್‌ನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಪಿಂಚಣಿ ಕಾಗದ, ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲ ಇದ್ದವು. ಒಂದು ದಿನ ಹೊಸ ಫೈಲ್ ಹಾಕಲು ಹೋದರೆ ‘ರೈಟ್ ಪ್ರೊಟೆಕ್ಷನ್ (ಬರೆಯದಂತೆ ತಡೆ) ಇದೆ, ತೆಗೆಯಿರಿ’ ಎಂಬ ಸಂದೇಶ. ಎಲ್ಲಿಂದ ತೆಗೆಯಲಿ? ಭೂತಗನ್ನಡಿ ಹಿಡಿದು ಹುಡುಕಿದೆ. ಒಂದು ಸ್ವಿಚ್ಚೂ ಇಲ್ಲ.

ಪುಣ್ಯಕ್ಕೆ ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಂಡೆ. ಆಮೇಲೆ ವಿಂಡೋಸ್‌ನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ಡಿಸ್ಕ್‌ಗಳನ್ನು ಸರಿಪಡಿಸುವ ಡಿಸ್ಕ್‌ಪಾರ್ಟ್ ಎಂಬ ಟೂಲ್ ತೆರೆದೆ. ‘ಲಿಸ್ಟ್ ಡಿಸ್ಕ್’ ಕೊಟ್ಟು, ಗಾತ್ರ ನೋಡಿ ನನ್ನ ಡ್ರೈವ್ ಯಾವುದೆಂದು ಎರಡೆರಡು ಸಲ ನೋಡಿಕೊಂಡೆ. ಇಲ್ಲಿ ನಂಬರ್ ತಪ್ಪಿದರೆ ಇನ್ಯಾವುದೋ ಡಿಸ್ಕ್ ಖಾಲಿಯಾಗುತ್ತದೆ. ಓದಲು ಮಾತ್ರ ಎಂಬ ಗುರುತು ತೆಗೆಯುವ ಆಜ್ಞೆ ಕೊಟ್ಟೆ. ಆಯಿತು ಎಂದಿತು. ಡ್ರೈವ್ ಖಾಲಿ ಮಾಡುವ ‘ಕ್ಲೀನ್’ ಆಜ್ಞೆ ಕೊಟ್ಟರೆ ಮತ್ತೆ ಅದೇ ರಾಗ.

ಕಾರಣ ಆಮೇಲೆ ತಿಳಿಯಿತು. ಪೆನ್ ಡ್ರೈವ್‌ನಲ್ಲಿರುವ ಫ್ಲ್ಯಾಶ್ ಮೆಮೊರಿಯ ಬ್ಲಾಕುಗಳು ಅಳಿಸಿ ಬರೆದಷ್ಟೂ ಸವೆಯುತ್ತವೆ. ಕೆಟ್ಟ ಬ್ಲಾಕಿನ ಬದಲು ಕಂಟ್ರೋಲರ್ ಚಿಪ್ ಮೀಸಲು ಬ್ಲಾಕನ್ನು ಕೊಡುತ್ತದೆ. ಆ ಮೀಸಲೂ ಮುಗಿದರೆ ಎಷ್ಟೋ ಡ್ರೈವ್‌ಗಳು ಬರೆಯುವುದನ್ನೇ ನಿಲ್ಲಿಸಿಬಿಡುತ್ತವೆ. ಓದಲು ಮಾತ್ರ ಬಿಡುತ್ತವೆ, ಇರುವುದನ್ನಾದರೂ ಉಳಿಸಿಕೊಳ್ಳಲಿ ಅಂತ. ಬೀಗ ವಿಂಡೋಸ್‌ನದಲ್ಲ, ಡ್ರೈವ್‌ನ ಒಳಗಿನದು. ಫರ್ಮ್‌ವೇರ್ (ಡ್ರೈವ್ ನಡೆಸುವ ಒಳಗಿನ ತಂತ್ರಾಂಶ) ಮತ್ತೆ ತುಂಬುವ ಟೂಲ್‌ಗಳೂ ಇವೆ. ಸವೆದ ಮೆಮೊರಿ ಅದರಿಂದ ಹೊಸದಾಗುವುದಿಲ್ಲ.

ನನ್ನ ತಕರಾರು ಇದಲ್ಲ. ವಸ್ತು ಅಂದಮೇಲೆ ಸವೆಯುತ್ತದೆ. ವಾರಂಟಿ ಇತ್ತು, ಡ್ರೈವ್ ಕಳಿಸಿ, ಬೇರೆ ಕೊಡುತ್ತೇವೆ ಎಂದರು ಕಂಪನಿಯವರು. ಅಳಿಸಲು ಬಾರದ ಡ್ರೈವ್ ಕಳಿಸುವುದೆಂದರೆ ನನ್ನ ಪಾಸ್‌ಬುಕ್ಕನ್ನೂ ಕಳಿಸಿದಂತೆ ಅಲ್ವಾ? ಫೋನಿನಲ್ಲಿ ಕೇಳಿದೆ. ‘ಕಳಿಸೋ ಮುಂಚೆ ಫಾರ್ಮ್ಯಾಟ್ ಮಾಡ್ಬಿಡಿ ಸರ್’ ಎಂದ ಆ ಹುಡುಗ. ಪಾಪ, ಅವನ ಮುಂದಿನ ಹಾಳೆಯಲ್ಲಿ ಅಷ್ಟೇ ಬರೆದಿತ್ತೇನೋ.

ಮುರಿದ ಚಿಪ್ಪಿನ ಫೋಟೋ, ಸೀರಿಯಲ್ ನಂಬರ್ ನೋಡಿ ಬದಲಿ ಕೊಡಬಾರದೇಕೆ? ತಯಾರಕರು ಉತ್ತರಿಸಲಿ. ‘ತೆಗೆಯಿರಿ’ ಎನ್ನುವ ಬದಲು ‘ಡ್ರೈವ್ ಸವೆದಿರಬಹುದು, ಬೇಗ ಕಾಪಿ ಮಾಡಿಕೊಳ್ಳಿ’ ಎಂದು ಕಂಪ್ಯೂಟರಾದರೂ ಹೇಳಬಹುದಿತ್ತು. ಓದುಗರೇ, ನಿಮ್ಮ ಡ್ರೈವ್ ಇನ್ನೂ ಬರೆಯಲು ಬಿಡುತ್ತಿದ್ದರೆ ಈಗಲೇ ಫೈಲ್‌ಗಳನ್ನು ಗೂಢಲಿಪಿಯಾಗಿಸಿ ಪಾಸ್‌ವರ್ಡ್ ಹಾಕುವ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಹಾಕಿಡಿ. ಆಮೇಲೆ ಲಾಕ್ ಆದರೂ ಪಾಸ್‌ವರ್ಡ್ ಇಲ್ಲದೆ ಯಾರೂ ಸುಲಭವಾಗಿ ಓದಲಾರರು.

ನಾನು ವಾರಂಟಿ ಬಿಟ್ಟೆ. ಇಕ್ಕಳ ತಗೊಂಡು ಚಿಪ್ಪನ್ನು ಎರಡು ತುಂಡು ಮಾಡಿದೆ.

– ಒಬ್ಬ ನಿವೃತ್ತ ಶಿಕ್ಷಕ