ಲಾಂಚ್ ಪದದ ಮೂಲ ಬೇರೆ

ಮಾನ್ಯ ಸಂಪಾದಕರೇ,

ಸಿಗಂದೂರು ಸೇತುವೆಯ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವು ಶರಾವತಿ ಹಿನ್ನೀರಿನ ಜನರ ಬವಣೆಯನ್ನು ಚೆನ್ನಾಗಿ ಕಟ್ಟಿಕೊಟ್ಟಿದೆ. ಆದರೆ ‘ನೀರಿಗೆ ಇಳಿಸು’ ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದದಿಂದಲೇ ಲಾಂಚ್ ಎಂಬ ಹೆಸರು ಹುಟ್ಟಿತೆಂದೂ, ಹಿನ್ನೀರು ದಾಟುವ ಜಾಗವಾದ ಹೊಳೆಬಾಗಿಲಿನಲ್ಲಿ ಜನ, ವಾಹನಗಳನ್ನು ದಾಟಿಸುತ್ತಿದ್ದ ದೋಣಿಗೆ ಆ ಪದದ ಬಳಕೆಯೇ ತಪ್ಪೆಂದೂ ಅದರಲ್ಲಿ ಬರೆದಿರುವುದನ್ನು ಒಪ್ಪಲಾಗದು.

ಇಂಗ್ಲಿಷಿನಲ್ಲಿ ಬರಹವೂ ಉಚ್ಚಾರಣೆಯೂ ಒಂದೇ ಆಗಿರುವ ಎರಡು ಬೇರೆ ಪದಗಳಿವೆ. ಹೊಸ ಹಡಗನ್ನು ನೀರಿಗೆ ಇಳಿಸುವುದಕ್ಕೂ, ಇಂದು ರಾಕೆಟ್ ಉಡಾಯಿಸುವುದಕ್ಕೂ, ಮಾರುಕಟ್ಟೆಗೆ ಹೊಸ ಮೊಬೈಲ್ ಬಿಡುವುದಕ್ಕೂ ಬಳಸುವ ಪದವು ಹಳೆಯ ಫ್ರೆಂಚಿನಿಂದ ಬಂದದ್ದು. ಭರ್ಜಿ ಎಸೆಯುವುದು ಅದರ ಮೂಲಾರ್ಥ. ದೋಣಿಯ ಹೆಸರಾದ ಲಾಂಚ್ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ‘ಲಾಂಚಾ’ದಿಂದ ಇಂಗ್ಲಿಷಿಗೆ ಸೇರಿತು. ಅದರ ಹಿಂದೆ ಮಲಯ್ ಭಾಷೆಯ ‘ಲಂಚಾರನ್’ ಇರಬೇಕೆಂದು ಪದಮೂಲ ನಿಘಂಟುಗಳು ಊಹಿಸುತ್ತವೆ. ಮಲಯ್‌ನಲ್ಲಿ ‘ಲಂಚಾರ್’ ಎಂದರೆ ತಡೆಯಿಲ್ಲದೆ ವೇಗವಾಗಿ ಸಾಗುವುದು. ಪೋರ್ಚುಗೀಸರು 1511ರಲ್ಲೇ ಮಲಯ್ ನಾಡಿನ ಮಲಾಕ್ಕಾವನ್ನು ವಶಪಡಿಸಿಕೊಂಡಿದ್ದನ್ನು ನೆನೆದರೆ ಈ ಊಹೆ ಸಹಜವೆನಿಸುತ್ತದೆ. ಹಾಗಿದ್ದಲ್ಲಿ ಇಂಗ್ಲಿಷಿನದೆಂದು ನಾವು ಭಾವಿಸಿರುವ ಪದ ಮೂಲತಃ ಏಷ್ಯಾದ್ದೇ ಆಗುತ್ತದೆ.

ಅರ್ಥವೂ ಒಂದೆಡೆ ನಿಂತಿಲ್ಲ. ಯುದ್ಧನೌಕೆಗಳು ತಮ್ಮೊಡನೆ ಒಯ್ಯುತ್ತಿದ್ದ ದೋಣಿಗಳಲ್ಲಿ ದೊಡ್ಡದಕ್ಕೆ ಇದ್ದ ಹೆಸರು ಮುಂದೆ ಉಗಿದೋಣಿಗೂ ಮೋಟಾರು ದೋಣಿಗೂ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಕರೂರು ಸೀಮೆಯ ದಾರಿಗಳು ಮುಳುಗಿದ ಮೇಲೆ, ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಗಳಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥ ಕೂಡಿತು. ಇಲ್ಲಿ ಲಾಂಚ್ ಎಂದರೆ ಸಪಾಟಾದ ಕಬ್ಬಿಣದ ನೆಲ, ತುದಿಯಲ್ಲಿ ದಡಕ್ಕೆ ಇಳಿಸುವ ಹಲಗೆ, ಅದರ ಮೇಲೆ ಒಂದೊಂದಾಗಿ ಏರುವ ಬಸ್ಸು, ಜೀಪು, ಬೈಕು, ವಾಹನಗಳ ನಡುವಿನ ಸಂದಿಯಲ್ಲಿ ಚೀಲ ಹಿಡಿದು ನಿಲ್ಲುವ ಜನ. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದುದೂ ಉಂಟು. ನೌಕಾಶಾಸ್ತ್ರದ ಲೆಕ್ಕದಲ್ಲಿ ಇದು ಬಾರ್ಜ್, ಅಂದರೆ ಸಪಾಟು ತಳದ ಹೊರೆದೋಣಿ, ಎಂಬುದು ನಿಜವೇ. ಆದರೆ ‘ಕಡೇ ಲಾಂಚ್ ಹೋಯ್ತಾ?’ ಎಂದು ಹಿನ್ನೀರಿನಾಚೆಯ ತುಮರಿ ಊರಿನವರು ಕೇಳಿದಾಗ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಯುದ್ಧನೌಕೆಯ ದೋಣಿಯಿಂದ ಮೋಟಾರು ದೋಣಿಗೆ ಅರ್ಥ ಸರಿದದ್ದು ಸಹಜ ಬೆಳವಣಿಗೆ, ಮಲೆನಾಡಿನಲ್ಲಿ ಸರಿದದ್ದು ಮಾತ್ರ ಅಜ್ಞಾನ ಎನ್ನುವುದು ನ್ಯಾಯವಲ್ಲ. ದಾಟುವ ಜಾಗಕ್ಕೆ ಕಡವು ಎಂಬ ನಮ್ಮದೇ ಪದವಿದ್ದರೂ, ಬಸ್ಸನ್ನೇ ಹೊತ್ತು ದಾಟಿಸುವ ಈ ಯಂತ್ರಕ್ಕೆ ಜನ ಒಪ್ಪಿಕೊಂಡ ಹೆಸರು ಲಾಂಚ್.

2025ರ ಜುಲೈ 14ರಂದು ಸಿಗಂದೂರು ಸೇತುವೆ ಎನ್ನುವ ಈ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದೆ. ಲಾಂಚಿಗಾಗಿ ಕಾಯದೆಯೇ ಬೆಳೆಯುವ ಮಕ್ಕಳಿಗೆ ಈ ಪದದಿಂದ ರಾಕೆಟ್ಟೇ ನೆನಪಾದೀತು. ಆದ್ದರಿಂದ ಪತ್ರಿಕೆಯು ತಿದ್ದುಪಡಿ ಪ್ರಕಟಿಸುವುದರ ಜೊತೆಗೆ, ಲಾಂಚಿನಲ್ಲಿ ದುಡಿದ ಸಿಬ್ಬಂದಿಯ ಬಾಯಿಂದಲೇ ಅದರ ಭಾಗಗಳ, ಕೆಲಸಗಳ ಹೆಸರುಗಳನ್ನು ಕೇಳಿ ದಾಖಲಿಸಬೇಕೆಂದೂ, ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರು ಶರಾವತಿ ಹಿನ್ನೀರಿನ ಈ ಅರ್ಥವನ್ನು ಪ್ರತ್ಯೇಕವಾಗಿ ಸೇರಿಸಬೇಕೆಂದೂ ಕೋರುತ್ತೇನೆ.

– ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ